ಶ್ರುತಿ ತಪ್ಪಿಸಿದ ಪಿಟೀಲು

ಇಂದು ಸಂಜೆ ಹಂಗೇರಿಯ ಸಂಗೀತರಚನಕಾರ ಬಾರ್ಟೋಕ್ ಅವರ 'ಕಾಂಟ್ರಾಸ್ಟ್ಸ್' ಎಂಬ ಕೃತಿಯನ್ನು ಕೇಳುತ್ತಿದ್ದಾಗ, ಮೂರನೆಯ ಭಾಗ ಆರಂಭವಾದೊಡನೆ ಅಮ್ಮ "ಶ್ರುತಿ ಸೇರಿಲ್ಲವಲ್ಲೋ" ಎಂದರು.

ಅವರ ಕಿವಿ ಸರಿಯಾಗಿಯೇ ಇದೆ.

1938ರ ಈ ಕೃತಿಯ ಆ ಭಾಗದ ಆರಂಭದಲ್ಲಿ ಪಿಟೀಲಿನ ಅತಿ ದಪ್ಪ ತಂತಿಯನ್ನು ಅರ್ಧ ಸ್ವರ ಏರಿಸಿ, ಅತಿ ತೆಳು ತಂತಿಯನ್ನು ಅಷ್ಟೇ ಇಳಿಸಿ ನುಡಿಸಬೇಕು. ಆ ಕರ್ಕಶ ನಾದದಲ್ಲಿ ಹಂಗೇರಿಯ ಹಳ್ಳಿಕುಣಿತದ ಒರಟುತನ ನೇರವಾಗಿ ಕೇಳಿಸುತ್ತದೆ. ಕೆಲವು ಸಾಲುಗಳಾದ ಮೇಲೆ ವಾದಕ ಅದನ್ನು ಬದಿಗಿಟ್ಟು, ಸರಿಯಾಗಿ ಶ್ರುತಿ ಮಾಡಿದ ಇನ್ನೊಂದು ಪಿಟೀಲನ್ನು ಎತ್ತಿಕೊಳ್ಳುತ್ತಾನೆ.

ಹಂಗೇರಿಯ ಪಿಟೀಲುವಾದಕ ಬಾರ್ನಬಾಶ್ ಕೆಲೆಮೆನ್ ನೆನಪಾದರು. ಅವರ ಅಜ್ಜ ಪಾಲಿ ಪೆರ್ಟಿಶ್ ಹೆಸರಾಂತ ರೋಮಾ (ಜಿಪ್ಸಿ) ಪಿಟೀಲುವಾದಕ. ಮೊಮ್ಮಗ ಹನ್ನೊಂದರ ವಯಸ್ಸಿನಲ್ಲಿ ಬುಡಾಪೆಸ್ಟಿನ ಲಿಸ್ಟ್ ಸಂಗೀತ ಅಕಾಡೆಮಿಗೆ ಸೇರಿ, ಎಸ್ತೆರ್ ಪೆರೇನಿ ಅವರಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದವರು. 2002ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್ ಪಿಟೀಲು ಸ್ಪರ್ಧೆಯ ಮೊದಲ ಬಹುಮಾನ ಅವರಿಗೆ ದಕ್ಕಿತು. (ಸ್ಪರ್ಧೆಗಳ ಬಗ್ಗೆ ನನಗೆ ಅಂಥ ಒಲವೇನಿಲ್ಲ, ಆದರೆ ವೇದಿಕೆಯ ಬಾಗಿಲು ತೆರೆಯುವುದು ಬಹುಪಾಲು ಅಲ್ಲಿಂದಲೇ.) ನನಗೆ ಅದಕ್ಕಿಂತ ಹೆಚ್ಚೆನಿಸುವುದು, ಜೋಲ್ಟಾನ್ ಕೊಚಿಶ್ ಅವರ ಪಿಯಾನೊ ಜೊತೆ ಅವರು ಧ್ವನಿಮುದ್ರಿಸಿದ ಬಾರ್ಟೋಕ್ ಸೊನಾಟಾಗಳು. ಅವಕ್ಕೆ 2013ರಲ್ಲಿ ಬ್ರಿಟನ್ನಿನ ಸಂಗೀತ ಪತ್ರಿಕೆ 'ಗ್ರಾಮಫೋನ್' ಕೊಡುವ ಪ್ರಶಸ್ತಿ ಬಂತು.

ಅಮ್ಮನಿಗೆ ನಾಳೆ ಆ ಧ್ವನಿಮುದ್ರಣವನ್ನು ಕೇಳಿಸಬೇಕು, ಬೈದರೂ ಸರಿ.