ಕೈ ನೋಡಿದೆ, ಬೆನ್ನು ನೋಡಲಿಲ್ಲ

ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುವವರಿಗೆ ಕೈಬಲ ಅಳೆಯುವ ಯಂತ್ರ ಬೇಕಾಗಿಲ್ಲ. "ರೊಟ್ಟಿ ಬಡೀತೀರಾ?" ಅಂತ ಕೇಳಿದರೆ ಸಾಕು. ಅವತ್ತು ಬಂದಿದ್ದ ಹೆಂಗಸು ನಕ್ಕುಬಿಟ್ಟರು. "ಎರಡ್ ವರ್ಷ ಆಯ್ತ್ರಿ, ಸೊಸಿನೇ ಬಡೀತಾಳ."

58 ವಯಸ್ಸು, ರುಮಟಾಯ್ಡ್ ಸಂಧಿವಾತ, ಎರಡೂ ಮಣಿಕಟ್ಟು ಊದಿದ್ದವು. ಬಂದಿದ್ದು ಮಾತ್ರ ನಡುನೋವಿಗೆ. ತುಂಬಿದ ಕೊಡ ಎತ್ತುವಾಗ ಹಿಡಿದುಕೊಂಡಿತಂತೆ. ಸ್ನಾಯು ಸೆಳೆತ ಅಂದುಕೊಂಡು ಶಾಖ ಕೊಟ್ಟೆ, ಮುಂದಕ್ಕೆ ಬಾಗುವ ವ್ಯಾಯಾಮ ಹೇಳಿಕೊಟ್ಟೆ. ನಾಲ್ಕನೇ ದಿನ ಮಗನ ತೋಳು ಹಿಡಿದು ಬಂದರು. ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಒಂದು ಮೂಳೆ ಮುಂಭಾಗದಲ್ಲಿ ಕುಸಿದು ಬೆಣೆಯಂತಾಗಿತ್ತು. ಮೂಳೆ ಸವೆದವರನ್ನು ಮುಂದಕ್ಕೆ ಬಾಗಿಸಬಾರದು ಅಂತ ಕಾಲೇಜಿನಲ್ಲೇ ಓದಿದ್ದೆ. ಮೂಳೆ ಸವೆದಿರಬಹುದು ಅಂತಲೇ ಹೊಳೆಯಲಿಲ್ಲ.

ಅವರ ಪ್ಲಾಸ್ಟಿಕ್ ಚೀಲ ಆಮೇಲೆ ಬಿಚ್ಚಿಸಿದೆ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಗುಳಿಗೆ, 7.5 ಮಿಲಿಗ್ರಾಂ, ದಿನಾ, ಎರಡು ವರ್ಷದಿಂದ. ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ತರಿಸುತ್ತಿದ್ದರು. ದಿನಕ್ಕೆ 2.5 ಮಿಲಿಗ್ರಾಂ ಮೂರು ತಿಂಗಳು ನುಂಗಿದರೂ ಮೂಳೆ ಸವೆಯುತ್ತಿದೆಯಾ ಅಂತ ನೋಡಬೇಕು. ಈ ಕಾಯಿಲೆಯ ಉರಿಯೂತವೇ ಮೂಳೆ ತಿನ್ನುವ ಕೋಶಗಳನ್ನು ಕೆರಳಿಸುತ್ತದೆ. ಮುಟ್ಟು ನಿಂತ ಮೇಲಿನ ಸವೆತ ಬೇರೆ, ಸ್ಟೀರಾಯ್ಡ್ ಬೇರೆ. ಹಾಗಂತ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಅದೂ ಅಪಾಯ. ವೈದ್ಯರೇ ನಿಧಾನಕ್ಕೆ ಇಳಿಸಬೇಕು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 3.1 ಬಂತು. ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. "ಜ್ವಾಳದ ರೊಟ್ಟಿ ಉಂಡ ಮೂಳಿರೀ ಇದು" ಅಂದರು, ಬೇಜಾರಿನಿಂದ. ಜೋಳದಲ್ಲಿ ಕ್ಯಾಲ್ಸಿಯಂ ಕಮ್ಮಿ. ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿಗೆ ಅಂಟಿಸುತ್ತಾರಲ್ಲ, ಆ ಎಳ್ಳಿನಲ್ಲೇ ಜಾಸ್ತಿ.

ನನ್ನನ್ನು ಇವತ್ತಿಗೂ ಚುಚ್ಚುವುದು ಸೊಸೆ ಸುಮ್ನೆ ಹೇಳಿದ ಒಂದು ಮಾತು. "ಅತ್ತಿ ಸೀರಿ ನೆಲಕ್ಕ ತಾಗ್ತದಂತ ವರ್ಷದಿಂದ ಮ್ಯಾಲೆ ಸಿಗಿಸ್ಕೋತಾರ್ರಿ." ಅಂದರೆ ಎತ್ತರ ಕಮ್ಮಿಯಾಗುತ್ತಿತ್ತು, ಅಲ್ವಾ? ನೋವಿಲ್ಲದೇ ಕುಸಿಯುವ ಬೆನ್ನುಮೂಳೆಗಳೂ ಇರುತ್ತವೆ.

ಈಗ ಕೋಣೆಯ ಗೋಡೆಗೆ ಅಳತೆ ಪಟ್ಟಿ ಅಂಟಿಸಿದ್ದೇನೆ. ಸಂಧಿವಾತದವರು ಯಾರೇ ಬರಲಿ, ಮೊದಲು ಅಲ್ಲಿ ನಿಲ್ಲಿಸುತ್ತೇನೆ, ಆಮೇಲೆ ಗುಳಿಗೆ ಚೀಲ, ಕೊನೆಗೆ ಕೈ.

ಅವರಿಗೆ ವೈದ್ಯರು ಮೂಳೆ ಸವೆತ ತಡೆಯುವ ಅಲೆಂಡ್ರೊನೇಟ್ ಗುಳಿಗೆ ವಾರಕ್ಕೊಂದು ಬರೆದಿದ್ದಾರೆ. ಸೋಮವಾರ ಖಾಲಿ ಹೊಟ್ಟೆಗೆ, ಲೋಟ ತುಂಬ ನೀರಿನ ಜೊತೆ. ಅರ್ಧ ಗಂಟೆ ಮಲಗುವಂತಿಲ್ಲ, ಏನೂ ತಿನ್ನುವಂತಿಲ್ಲ. ಕಟ್ಟೆ ಮೇಲೆ ನೆಟ್ಟಗೆ ಕೂತಿರುತ್ತಾರಂತೆ. "ಬೆನ್ನಿಂದೇನಿಲ್ರೀ, ಚಾ ಇಲ್ದ ಕೂಡೋದೇ ತ್ರಾಸು."