ಕುಂಬಳೆಯಿಂದ ಗ್ವಾಟೆಮಾಲದ ಶೇಲಾಕ್ಕೆ: ಸ್ಪ್ಯಾನಿಷ್ ಕಲಿಯಲು ಹೊರಟವರ ದಾರಿ

ಸ್ಪ್ಯಾನಿಷ್ ಕಲಿಯಬೇಕು ಎಂದರೆ ಬದಿಯಡ್ಕದಲ್ಲಾಗಲಿ ಮಂಜೇಶ್ವರದಲ್ಲಾಗಲಿ ಸಿಗುವ ಮೊದಲ ಸಲಹೆ, 'ಹಾಗಾದರೆ ಸ್ಪೇನಿಗೇ ಹೋಗಿ' ಎಂಬುದು. ಸಲಹೆ ತಪ್ಪೇನಲ್ಲ, ಅರ್ಧ ಮಾತ್ರ ಸರಿ. ಕೈಯಲ್ಲಿರುವುದು ಒಂದೋ ಎರಡೋ ತಿಂಗಳಾದರೆ ದೇಶದ ಹೆಸರಿಗಿಂತ ಮೊದಲು ಕೇಳಬೇಕಾದದ್ದು ಬೇರೆ: ಅಲ್ಲಿ ದಿನಕ್ಕೆ ಎಷ್ಟು ಹೊತ್ತು ನಾವೇ ಬಾಯಿ ಬಿಟ್ಟು ಮಾತಾಡುತ್ತೇವೆ? ಹತ್ತು ಜನರ ತರಗತಿಯಲ್ಲಿ ಗಂಟೆಗೆ ಒಬ್ಬರ ಪಾಲಿಗೆ ಬರುವುದು ಐದಾರು ನಿಮಿಷ. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಸ್ಪ್ಯಾನಿಷ್ ಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕ, ದಿನಕ್ಕೆ ನಾಲ್ಕೈದು ಗಂಟೆ. ಏಳು ಭಾಷೆಗಳ ನಡುವೆ ಬಸ್ಸು, ಸಂತೆ, ಅಂಗಡಿಗಳಲ್ಲಿ ಮಾತು ಕಲಿತ ಕಾಸರಗೋಡಿನವರಿಗೆ ಈ ಎರಡನೆಯ ಬಗೆ ಬೇಗ ಹತ್ತುತ್ತದೆ.

ಹಾಗೆಂದು ಸ್ಪೇನನ್ನು ತಳ್ಳಿಹಾಕುವಂತಿಲ್ಲ. ಸಲಮಾಂಕದ ವಿಶ್ವವಿದ್ಯಾಲಯ 1218ರದ್ದು. ವಿದೇಶಿಯರಿಗೆ ಭಾಷೆ ಕಲಿಸುವುದು ಆ ಊರಿಗೆ ಕಸುಬೇ ಆಗಿಬಿಟ್ಟಿದೆ. ಮ್ಯಾಡ್ರಿಡ್‌ನ ಚಾಮಾರ್ತಿನ್ ನಿಲ್ದಾಣದಿಂದ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಉಚ್ಚಾರ ಸ್ಪಷ್ಟ. ದಕ್ಷಿಣದ ಗ್ರಾನಾಡ ಚೆಂದದ ಊರು, ಆದರೆ ಆಂದಲೂಸಿಯದವರು ಪದದ ಕೊನೆಯ 'ಸ್' ನುಂಗುವುದರಿಂದ ಹೊಸಬರಿಗೆ ಏಕವಚನ ಯಾವುದು, ಬಹುವಚನ ಯಾವುದು ಎಂದೇ ಗೊತ್ತಾಗುವುದಿಲ್ಲ. ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅದಕ್ಕಿಂತ ಹೆಚ್ಚು ಬೇಕೆಂದರೆ ವಿದ್ಯಾರ್ಥಿ ವೀಸಾ. ವಾಸ ಆರು ತಿಂಗಳು ದಾಟಿದರೆ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ ಎರಡೂ ಸೇರಿಕೊಳ್ಳುತ್ತವೆ. ಇಲ್ಲಿನ ಗ್ರಾಮ ಕಚೇರಿಯ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಅನುವಾದಕ್ಕೂ, ಹೊರದೇಶದಲ್ಲಿ ಕಾಗದ ಒಪ್ಪಲೆಂದು ಸರ್ಕಾರ ಹಾಕುವ ಅಪೊಸ್ಟಿಲ್ ಮುದ್ರೆಗೂ ವಾರಗಟ್ಟಲೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಹೊರಡಬೇಕು.

ಷೆಂಗೆನ್ ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಬ್ಯಾಂಕ್ ಪುಸ್ತಕದಲ್ಲಿ. ಖಾತೆಯಲ್ಲಿ ವರ್ಷವಿಡೀ ಇಪ್ಪತ್ತು ಸಾವಿರ, ಅರ್ಜಿಗೆ ಹತ್ತು ದಿನ ಇರುವಾಗ ಗಲ್ಫಿನ ಅಣ್ಣನಿಂದ ಒಮ್ಮೆಲೇ ನಾಲ್ಕು ಲಕ್ಷ. ಅದು ಸಾಲದ ಹಣದಂತೆ ಕಾಣುತ್ತದೆ. ಖರ್ಚು ಅಣ್ಣನದೇ ಆಗಿದ್ದರೆ ಅವನ ಪ್ರಾಯೋಜಕ ಪತ್ರ, ಅವನ ಸಂಬಳದ ದಾಖಲೆ ಇಟ್ಟು ನೇರವಾಗಿ ಹೇಳುವುದೇ ಲೇಸು. ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು.

ಇನ್ನು ವಿಮಾನ. ಮಂಗಳೂರು, ಕಣ್ಣೂರು ಹತ್ತಿರ ಎಂಬುದು ನಿಜ, ಆದರೆ ಅಲ್ಲಿಂದ ಹಾರುವುದು ಭಾರತದ ಕಂಪನಿಗಳೇ. ದುಬೈವರೆಗೆ ಒಂದು ಟಿಕೆಟ್, ಅಲ್ಲಿಂದ ಮ್ಯಾಡ್ರಿಡ್‌ಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ತೆಗೆದರೆ ದುಬೈಯಲ್ಲಿ ಸಾಮಾನು ಇಳಿಸಿಕೊಂಡು ಮತ್ತೆ ಒಪ್ಪಿಸಬೇಕು. ಅದಕ್ಕೆ ಹೊರಗೆ ಬರಬೇಕು, ಹೊರಗೆ ಬರಲು ಯುಎಇ ವೀಸಾ ಬೇಕು. ಮೊದಲ ವಿಮಾನ ತಡವಾದರೆ ಎರಡನೆಯದರ ಹಣವೂ ಹೋದಂತೆಯೇ. ರೈಲಿನಲ್ಲಿ ಕೊಚ್ಚಿಗೋ ಬಸ್ಸಿನಲ್ಲಿ ಬೆಂಗಳೂರಿಗೋ ಹೋಗಿ, ಕೊನೆಯ ಊರಿನವರೆಗೂ ಒಂದೇ ಟಿಕೆಟ್ ಮಾಡಿಸುವುದು ಒಳ್ಳೆಯದು. ಗ್ವಾಟೆಮಾಲಕ್ಕೆ ಅಮೆರಿಕದ ಮೂಲಕ ಹೋಗುವುದಾದರೆ, ಬರೀ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು. ಮ್ಯಾಡ್ರಿಡ್‌ನಿಂದ ಐಬೀರಿಯ ಕಂಪನಿಯ ವಿಮಾನ ನೇರವಾಗಿ ಗ್ವಾಟೆಮಾಲ ನಗರಕ್ಕೆ ಹೋಗುತ್ತದೆ. ಷೆಂಗೆನ್ ವೀಸಾ ಕೈಯಲ್ಲಿದ್ದರೆ ಈ ದಾರಿಯೇ ಸಲೀಸು. ಗ್ವಾಟೆಮಾಲದ ಪ್ರವೇಶದ ವಿಷಯವನ್ನು ದೆಹಲಿಯ ಅವರ ರಾಯಭಾರ ಕಚೇರಿಗೆ ಬರೆದು ಕೇಳಿ, ಉತ್ತರ ಬಂದ ಮೇಲೆಯೇ ಹಣ ಕಟ್ಟಬೇಕು.

ಅಲ್ಲಿ ಎಲ್ಲರೂ ಹೋಗುವುದು ಆಂತಿಗ್ವಾಕ್ಕೆ. 1773ರ ಭೂಕಂಪದ ನಂತರ ರಾಜಧಾನಿಯ ಪಟ್ಟ ಕಳೆದುಕೊಂಡ ಊರು. ಮುರಿದ ಇಗರ್ಜಿಗಳು, ಕಲ್ಲುಹಾಸಿನ ಬೀದಿ, ಮೂರು ಜ್ವಾಲಾಮುಖಿ. ನೋಡಲು ಸೊಗಸು, ಕಲಿಯಲು ಅಷ್ಟಕ್ಕಷ್ಟೆ. ಕಾಫಿ ಅಂಗಡಿಯ ಹುಡುಗ ನಮ್ಮ ತಡವರಿಕೆ ಕೇಳುತ್ತಲೇ ಇಂಗ್ಲಿಷಿಗೆ ಜಾರುತ್ತಾನೆ. ಹಾಗಾಗಿ ಇನ್ನೂ ನಾಲ್ಕೈದು ಗಂಟೆ ಬಸ್ಸಿನಲ್ಲಿ ಕೂತು ಕೆತ್ಸಾಲ್ತೆನಾಂಗೊ ತಲುಪಬೇಕು. ಅಲ್ಲಿನವರು ಕರೆಯುವುದು ಶೇಲಾ ಎಂದು. ಎತ್ತರ ಸುಮಾರು 2,330 ಮೀಟರ್, ಮೊದಲ ಎರಡು ದಿನ ಮೆಟ್ಟಿಲು ಹತ್ತಿದರೆ ಏದುಸಿರು. ಸುತ್ತಲಿನ ಹಳ್ಳಿಗಳ ಮನೆಮಾತು ಕಿಚೆ ಎಂಬ ಮಾಯಾ ಭಾಷೆ; ಸ್ಪ್ಯಾನಿಷ್ ಅವರಲ್ಲಿ ಹಲವರಿಗೆ ಎರಡನೆಯ ಭಾಷೆ. ಆದ್ದರಿಂದ ನಿಧಾನವಾಗಿ, ಬಿಡಿಸಿ ಮಾತಾಡುತ್ತಾರೆ.

ತರಗತಿ ಎಂದರೆ ಅಂಗಳದ ಬದಿಯಲ್ಲಿ ಒಂದು ಸಣ್ಣ ಮೇಜು, ಎರಡು ಕುರ್ಚಿ, ಒಂದು ಬಿಳಿ ಹಲಗೆ. ಬೆಳಿಗ್ಗೆ ಎಂಟಕ್ಕೆ ಶುರು, ನಡುವೆ ಅರ್ಧ ಗಂಟೆ ಕಾಫಿ. ಎರಡನೆಯ ವಾರ ತಲೆ ಕಾದು ಹೋಗುತ್ತದೆ. ದಿನಕ್ಕೆ ಐದು ಗಂಟೆಯ ಪಾಠಕ್ಕೆ ಹಣ ಕಟ್ಟಿದವರೂ ನಾಲ್ಕು ಗಂಟೆಗೆ ಇಳಿಸಿಕೊಳ್ಳುತ್ತಾರೆ, ಇಳಿಸಿಕೊಳ್ಳುವುದೇ ಸರಿ. ಶಿಕ್ಷಕರು ಹೊಂದದಿದ್ದರೆ ಶುಕ್ರವಾರವೇ ಕಚೇರಿಯಲ್ಲಿ ಹೇಳಿ ಬದಲಿಸಿಕೊಳ್ಳಬಹುದು, ಯಾರೂ ಬೇಸರಿಸುವುದಿಲ್ಲ. ನಾಲ್ಕು ವಾರದ ಹಣ ಒಟ್ಟಿಗೆ ಕಟ್ಟದೆ ವಾರವಾರ ಕಟ್ಟುವುದು ಇದೇ ಕಾರಣಕ್ಕೆ.

ವಾಸ ಸಾಮಾನ್ಯವಾಗಿ ಸ್ಥಳೀಯರ ಮನೆಯಲ್ಲಿ, ಭಾನುವಾರ ಬಿಟ್ಟು ದಿನಕ್ಕೆ ಮೂರು ಊಟ: ಕಪ್ಪು ಅವರೆ, ಜೋಳದ ತೋರ್ತಿಯ, ಮೊಟ್ಟೆ, ಹುರಿದ ನೇಂದ್ರ. ಸಸ್ಯಾಹಾರಿಗಳು 'ಸಿನ್ ಕಾರ್ನೆ' (ಮಾಂಸ ಬೇಡ) ಎಂದರೆ ಸಾಲದು. ಅವರ ಲೆಕ್ಕದಲ್ಲಿ ಕೋಳಿ 'ಕಾರ್ನೆ' ಅಲ್ಲ. ಪೊಯ್ಯೊ (ಕೋಳಿ), ಪೆಸ್ಕಾದೊ (ಮೀನು) ಬೇಡ ಎಂದು ಬೇರೆಯಾಗಿ ಹೇಳಬೇಕು. ಅವರೆಯನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದುಂಟು, ಅದಕ್ಕೆ 'ಸಿನ್ ಮಾಂತೇಕ' ಎನ್ನಬೇಕು. ಸ್ನಾನಕ್ಕೆ ನಲ್ಲಿಯ ತಲೆಯಲ್ಲೇ ವಿದ್ಯುತ್ ಕಾಯಿಲ್. ನೀರು ಜೋರಾಗಿ ಬಿಟ್ಟರೆ ತಣ್ಣೀರೇ ಬರುತ್ತದೆ, ಕಾಯಲು ಪುರಸೊತ್ತು ಸಿಗದ ಕಾರಣ. ಸಣ್ಣಗೆ ಬಿಟ್ಟರೆ ಬಿಸಿ. ಒದ್ದೆ ಕೈಯಲ್ಲಿ ಅದನ್ನು ಮುಟ್ಟಬಾರದು, ಶಾಕ್ ಹೊಡೆಯುತ್ತದೆ.

ಕನ್ನಡ ನಾಲಗೆಗೆ ಕೆಲವು ಅನುಕೂಲಗಳಿವೆ. 'ತ', 'ದ' ನಮ್ಮವೇ. ಇಂಗ್ಲಿಷಿನ ದಾರಿ ಹಿಡಿದು ಟ, ಡ ಮಾಡದಿದ್ದರೆ ಸಾಕು. ಪೆರೊ, ಪೆರ್‍ರೊಗಳ (ಮೊದಲನೆಯದು 'ಆದರೆ', ಎರಡನೆಯದು 'ನಾಯಿ') ಎರಡು ರಕಾರದ ವ್ಯತ್ಯಾಸವನ್ನು ಮಲಯಾಳ ಆಡುವ ಬಾಯಿ ಆಗಲೇ ಬಲ್ಲದು. 'ನನಗೆ ಇಷ್ಟ' ಎಂಬ ವಾಕ್ಯದ ಹೊಲಿಗೆಯೇ ಸ್ಪ್ಯಾನಿಷಿನಲ್ಲೂ. ಕಷ್ಟವಿರುವುದು ಮೇಜಿಗೂ ಕುರ್ಚಿಗೂ ಗಂಡು ಹೆಣ್ಣು ಹೊಂದಿಸುವಲ್ಲಿ. ಈ ಪಾಠಕ್ಕೆಲ್ಲ ವಿಮಾನದ ಹಣ ಸುರಿಯಬೇಕಿಲ್ಲ: ವರ್ತಮಾನ ಕಾಲ, ಅಂಕಿಗಳು, ದಿನಬಳಕೆಯ ಐನೂರು ಪದ ಮನೆಯಲ್ಲೇ ಮುಗಿಸಿ ಹೋದವರಿಗೆ ಅಲ್ಲಿನ ಮೊದಲ ವಾರವೇ ಫಲ ಕೊಡುತ್ತದೆ.

ಮೆಕ್ಸಿಕೊದ ಓಆಹಾಕ ಮೂರನೆಯ ಆಯ್ಕೆ. ಚಾಲ್ತಿಯಲ್ಲಿರುವ ಷೆಂಗೆನ್ ಅಥವಾ ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೊದ ವೀಸಾ ಬೇರೆ ಬೇಡ, 180 ದಿನದವರೆಗೆ ಇರಲು ಬಿಡಬಹುದು. ಕೊಲಂಬಿಯದ ಬೊಗೊಟದ ಮಾತು ಸ್ಪಷ್ಟ. ಅರ್ಜೆಂಟೀನದ ಬ್ಯೂನಸ್ ಐರಿಸ್ ಆಗಲೇ ಸ್ಪ್ಯಾನಿಷ್ ಕಲಿತವರಿಗೆ ಚೆನ್ನ, ಮೊದಲ ಸಲದವರಿಗೆ ಬೇಡ.

ಪ್ರಮಾಣಪತ್ರ ಬೇಕಾದವರಿಗೆ ದೆಹಲಿಯ ಸೆರ್ವಾಂತೆಸ್ ಸಂಸ್ಥೆಯ ಡೆಲೆ ಎಂಬ ಸ್ಪ್ಯಾನಿಷ್ ಪರೀಕ್ಷೆ ಇದೆ, ಅದರ ಪತ್ರ ಅವಧಿ ಮೀರದ್ದು. ಯಾವ ದೇಶದ ಉಚ್ಚಾರವಾದರೂ ಒಪ್ಪುತ್ತಾರೆ. ಗ್ವಾಟೆಮಾಲಕ್ಕೆ ಹೊರಡುವ ಕಾಲ ನವೆಂಬರಿನಿಂದ ಏಪ್ರಿಲ್, ಮೇಯಿಂದ ಅಲ್ಲಿ ಮಧ್ಯಾಹ್ನದ ಮಳೆ. ಡಿಸೆಂಬರ್, ಜನವರಿಯ ಶೇಲಾ ರಾತ್ರಿಗಳು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತವೆ, ಮನೆಗಳಲ್ಲಿ ಹೀಟರ್ ಇರುವುದಿಲ್ಲ. ಉಣ್ಣೆಯ ಒಳಉಡುಪು ಬೇಕು. ಗ್ವಾಟೆಮಾಲದ ಕೆತ್ಸಾಲ್ ನೋಟು ಇಲ್ಲಿ ಸಿಗುವುದಿಲ್ಲ. ಡಾಲರ್ ಒಯ್ಯುವಾಗ ಹರಿದ, ಗೀಚಿದ ನೋಟುಗಳನ್ನು ಇಲ್ಲೇ ಬದಲಿಸಿಕೊಳ್ಳಿ, ಅಲ್ಲಿನ ಬ್ಯಾಂಕುಗಳು ಅಂಥವನ್ನು ಮುಟ್ಟುವುದಿಲ್ಲ.