ಅಂಡಮಾನಿಗೆ ಹೊರಟು ಮಲ್ಪೆ ತಲುಪಿದ್ದು

ಅಂಡಮಾನಿಗೆ ಹೋಗುತ್ತೇವೆಂದು ಕದ್ರಿಯ ನಮ್ಮ ಬೀದಿಗೆಲ್ಲ ಹೇಳಿಯಾಗಿತ್ತು. ಪೇಪರ್ ಹಾಕುವ ಹುಡುಗನಿಗೆ ಎಂಟು ದಿನ ಬೇಡವೆಂದಿದ್ದೆವು, ಹಾಲು ನಿಲ್ಲಿಸಿದ್ದೆವು. ಪಕ್ಕದ ಮನೆಯ ಬಾಯಮ್ಮನಿಗೆ ಮಲ್ಲಿಗೆ ಗಿಡವನ್ನು ಒಪ್ಪಿಸಿ ನಸುಕಿನಲ್ಲೇ ವಿಮಾನ ನಿಲ್ದಾಣವಿರುವ ಕೆಂಜಾರು ಗುಡ್ಡ ಹತ್ತಿದ್ದೂ ಆಯಿತು.

ಡಿಸೆಂಬರ್ ಕೊನೆಯ ವಾರ. ಮಂಗಳೂರಿನ ಆಕಾಶ ತೊಳೆದಿಟ್ಟಂತಿತ್ತು. ಮಂಜು ಕವಿದದ್ದು ಬೆಂಗಳೂರಿನಲ್ಲಿ. ಹಾಗಾಗಿ ನಮ್ಮ ವಿಮಾನ ಇಲ್ಲಿಂದ ಏಳಲೇ ಇಲ್ಲ. ಅರ್ಧ ಗಂಟೆ ಎಂದರು, ಒಂದು ಗಂಟೆ ಎಂದರು, ಆಮೇಲೆ ಹೇಳುವುದನ್ನೇ ಬಿಟ್ಟರು. ಅಷ್ಟರಲ್ಲಿ ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ (ಈಗ ಅದು ಶ್ರೀ ವಿಜಯಪುರಂ) ಹೋಗುವ ವಿಮಾನ ನಮ್ಮನ್ನು ಬಿಟ್ಟು ಹಾರಿತ್ತು. ಮುಂದಿನ ಸೀಟು ಸಿಗುವುದು ಮೂರು ದಿನ ಕಳೆದು. ಅಷ್ಟು ಹೊತ್ತಿಗೆ ಇವರ ರಜೆಯೇ ಕರಗಿರುತ್ತಿತ್ತು. ಟಿಕೆಟಿನ ಹಣದ ಕಥೆ ಬೇರೆಯೇ ಇದೆ. ನೆನೆದರೆ ಸಿಟ್ಟು ಬರುತ್ತದೆ, ಬಿಡಿ.

ಕಳ್ಳರಂತೆ ಮನೆ ಹೊಕ್ಕೆವು. ಕಿಟಕಿ ತೆರೆಯಲಿಲ್ಲ. ರಾತ್ರಿಗೆ ಗಂಜಿ, ಉಪ್ಪಿನಕಾಯಿ. ಮಗಳು ಮಾತ್ರ ಬ್ಯಾಗು ಬಿಚ್ಚಲು ಒಪ್ಪಲಿಲ್ಲ. "ದ್ವೀಪ ಅಂದರೆ ಅಂಡಮಾನ್ ಒಂದೇನಾ ಅಪ್ಪ?" ಎಂದಳು. ಇವರು ಗಂಜಿ ಕುಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಮರುದಿನ ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿ ಎಕ್ಸ್‌ಪ್ರೆಸ್, ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್. ಎಷ್ಟು ಸುಲಭವೆಂದರೆ ನಾಚಿಕೆಯಾಯಿತು. ಮಲ್ಪೆಯ ಕಡಲಲ್ಲಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ನಾನು ಹೋದದ್ದು ಒಂದೇ ಸಲ, ಎಂಟನೇ ಕ್ಲಾಸಿನ ಪ್ರವಾಸದಲ್ಲಿ; ಆಗ ನೆನಪಿನಲ್ಲಿ ಉಳಿದದ್ದು ದೋಣಿಯಲ್ಲಿ ವಾಂತಿ ಮಾಡಿಕೊಂಡದ್ದಷ್ಟೆ. ಈ ಸಲ ಸಮುದ್ರ ಎಣ್ಣೆ ಸುರಿದಂತೆ ಮಲಗಿತ್ತು. ಮಳೆಗಾಲದಲ್ಲಿ ಈ ದೋಣಿಗಳು ಬಿಡುವುದೇ ಇಲ್ಲ.

ತೋನ್ಸೆಪಾರ್ ಎಂದು ಇಲ್ಲಿನವರು ಕರೆಯುವ ಈ ದ್ವೀಪದಲ್ಲಿ ತೆಂಗಿನ ಮರ, ಕಲ್ಲು, ಚಿಪ್ಪು, ಇಷ್ಟೇ. ಉಳಿದುಕೊಳ್ಳಲು ಕೋಣೆಯಿಲ್ಲ, ಸಂಜೆಯೊಳಗೆ ವಾಪಸಾಗಬೇಕು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯಮ್ಮನ ಹೆಸರಿಟ್ಟನೆಂಬ ಕಥೆಯಿದೆ. ನನಗೆ ಅವನಿಗಿಂತ ಕಲ್ಲುಗಳೇ ಹೆಚ್ಚು ಹಿಡಿಸಿದವು. ಯಾರೋ ಅಳತೆ ಹಿಡಿದು ಕೆತ್ತಿ ನಿಲ್ಲಿಸಿದಂತಹ ಕಂಬಗಳು; ಕೆಲವಕ್ಕೆ ಐದು ಮುಖ, ಹೆಚ್ಚಿನವಕ್ಕೆ ಆರು. ಉಕ್ಕಿ ಬಂದ ಲಾವಾ ಆರುತ್ತಾ ಕುಗ್ಗುವಾಗ, ಬತ್ತಿದ ಕೆರೆಯ ಕೆಸರು ಬಿರಿಯುವ ಹಾಗೆಯೇ ಬಿರಿದು ಹೀಗಾಗಿದೆ. ಅದೂ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ.

"ನೋಡು, ಇಲ್ಲಿಂದ ಮಡಗಾಸ್ಕರ್ ತಪ್ಪಿಹೋಗಿದೆ. ನಿನಗೆ ಒಂದು ವಿಮಾನ ತಪ್ಪಿದ್ದೇ ದೊಡ್ಡದು" ಎಂದರು ಇವರು. ಹಿಂದಿನ ದಿನ ಕೌಂಟರಿನೆದುರು ಕೂಗಾಡಿದವರು ಯಾರೆಂದು ನಾನು ಕೇಳಲಿಲ್ಲ.

ಮಧ್ಯಾಹ್ನ ತೆಂಗಿನ ನೆರಳಿನಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಮಲಗಿದೆ. ಡಬ್ಬಿಯಲ್ಲಿ ನೀರುದೋಸೆ, ಕಾಯಿ ಬೆಲ್ಲ. ಪಡುವಣ ದಡದಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು, ಬರಿಗಾಲಿಗೆ ಚುಚ್ಚುತ್ತದೆ. ಅಲೆ ಹಿಂದೆ ಸರಿಯುವಾಗ ಅವೆಲ್ಲ ಒಟ್ಟಿಗೆ ಉರುಳಿ ಸಣ್ಣಗೆ ಕಿಣಿಕಿಣಿ ಎನ್ನುತ್ತವೆ. ಅದನ್ನು ಕೇಳುತ್ತಾ ಎಷ್ಟು ಹೊತ್ತು ನಿದ್ದೆ ಹೋದೆನೋ. ಎದ್ದಾಗ ಮಗಳು ಅಂಡಮಾನಿನ ಹವಳ ನೋಡಲೆಂದು ಕೊಂಡಿದ್ದ ಸ್ನಾರ್ಕೆಲ್ ಕಟ್ಟಿಕೊಂಡು, ಮೊಣಕಾಲೂ ಮುಳುಗದ ನೀರಿನಲ್ಲಿ ಬೋರಲಾಗಿ ಬಿದ್ದಿದ್ದಳು. ಅವಳು ಸ್ವಲ್ಪ ಆಚೆ ಸರಿದರೂ ಕಾವಲಿನವನ ಸೀಟಿ. "ಏನು ಕಂಡಿತು?" ಎಂದೆ. "ಒಂದು ಏಡಿ. ಅದೂ ನನ್ನನ್ನೇ ನೋಡುತ್ತಿತ್ತು" ಎಂದಳು.

ಹಿಂದಿರುಗುವಾಗ ಮಲ್ಪೆಯಲ್ಲಿ ಬಂಗುಡೆ ಮೀನು ಕೊಂಡೆವು. ಕತ್ತಲಾದ ಮೇಲೆ ಗೇಟು ತೆರೆಯುತ್ತಿದ್ದಾಗ ಬಾಯಮ್ಮ ನೀರಿನ ಕೊಡ ಹಿಡಿದು ನಮ್ಮ ಮಲ್ಲಿಗೆ ಗಿಡದ ಪಕ್ಕದಲ್ಲೇ ನಿಂತಿದ್ದರು. ಬಿಸಿಲಿಗೆ ಕೆಂಪಾದ ಮೂವರ ಮೂಗುಗಳನ್ನು ಒಂದೊಂದಾಗಿ ನೋಡಿದರು. ನಾನು ಮಂಜು, ವಿಮಾನ ಎಂದು ಶುರು ಮಾಡಿದೆ. ಅವರ ಕಣ್ಣು ಆಗಲೇ ಕೈಚೀಲಕ್ಕೆ ಇಳಿದಿತ್ತು.

"ಅಂಡಮಾನ್ ಇರಲಿ ಮಾರಾಯ್ತಿ, ಬಂಗುಡೆ ನೂರಕ್ಕೆ ಎಷ್ಟು ಕೊಟ್ಟರು?"